ಎಡಗೈ ವೀರ

"ಕುದುರಿ ಮಾರಿ ಇಲ್ಲೇ ಇರಬೇಕಾಗಿತ್ತವ್ವಾ," ಎಂದು ಸಿದ್ದವ್ವ ಹೊಲದ ಬದುವಿನ ವೀರಗಲ್ಲಿನ ಬಲ ಅಂಚಿಗೆ ಕೈ ಇಟ್ಟಳು. ಎಣ್ಣೆಯಲ್ಲಿ ಅದ್ದಿದ ಬೆರಳು ಅಲ್ಲೇ ತಡಕಾಡಿತು. ಅಲ್ಲಿದ್ದದ್ದು ಕುದುರೆಯ ಮುಖವಲ್ಲ, ಬಾಲ.

ಭುವನಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೋಡುತ್ತ ನಿಂತಳು.

"ಈ ಹೊಲದ ಮನಿಗೆ ಸೊಸಿಯಾಗಿ ಬಂದು ಅರವತ್ತು ವರ್ಷ ಆತು. ಒಂದ ಅಮಾಸಿ ತಪ್ಪಿಸಿಲ್ಲ. ಕಣ್ಣು ಹೋಗಿ ಆರು ವರ್ಷ ಆದ್ರೂ ಕೈಗೆ ದಾರಿ ಗೊತ್ತೈತಿ. ಬಲಕ್ಕ ಮಾರಿ, ಎಡಕ್ಕ ಬಾಲ. ಮೊನ್ನೆ ಶಿವರಾತ್ರಿ ಅಮಾಸಿಗೆ ಕೈ ಚಾಚೀನಿ, ಬಾಲಕ್ಕ ಕುಂಕುಮ ಹಚ್ಚಿಬಿಟ್ಟೀನಿ. ಕಲ್ಲಾಗಿ ನಿಂತ ನಮ್ಮ ಅಜ್ಜಪ್ಪಗ ಎಷ್ಟು ಸಿಟ್ಟು ಬಂದಿರಬೇಕು!"

ಹಿಂದೆ ಬೇವಿನ ಮರಕ್ಕೆ ಒರಗಿದ್ದ ಅವಳ ಮಗ ಕೊಟ್ರಪ್ಪ ನಕ್ಕ. "ವಯಸ್ಸಾಗೇತ್ರಿ ಅಕಿಗೆ. ಕಲ್ಲು ಎಲ್ಲಿ ತಿರುಗ್ತದ? ನಿಮ್ಮ ಪುಸ್ತಕದಾಗ ಚಿತ್ರ ಉಲ್ಟಾ ಬಂದೈತಿ, ಅಷ್ಟ. ಅದನ್ನ ಓದಿ ಹೇಳಿದಾಗಿಂದ ಅಕಿ ತಲಿನೂ ಉಲ್ಟಾ ಆಗೇತಿ."

"ನೀ ಸುಮ್ನಿರಲೇ. ಕುದುರಿ ಮಾರಿ ಯಾವ ಕಡೆ ಐತಿ ಅಂತ ಹುಟ್ಟಿದಾಗಿಂದ ಒಮ್ಮೆರ ನೋಡೀಯೇನ?"

"ನಾವು ಕೈ ಮುಗದು ಹೋಗೋ ಮಂದಿ ಬೇ. ಮಾರಿ ಯಾಕ ನೋಡೋಣು?"

ಭುವನಾ ಚೀಲದಿಂದ ಪತ್ರಿಕೆ ತೆಗೆದಳು. ‘ಉಳಿಗುರುತು’, ಐದನೆಯ ಸಂಚಿಕೆ, ಮಾರ್ಚ್ ೨೦೦೭. ರಾಣೆಬೆನ್ನೂರಿನ ಬಿ.ಎ. ಹುಡುಗರು ಸುತ್ತಲಿನ ಗುಡಿ, ವೀರಗಲ್ಲು, ಗೋಡೆಚಿತ್ರಗಳ ಮೇಲೆ ತಾವೇ ಬರೆದು, ತಾವೇ ತಿದ್ದಿ, ವರ್ಷಕ್ಕೆ ಎರಡು ಸಲ ಹೊರತರುವ ಪತ್ರಿಕೆ. ಅದರ ಇಪ್ಪತ್ತೆರಡನೆಯ ಪುಟದಲ್ಲಿ ಈ ಕಲ್ಲಿನ ಚಿತ್ರ ತಿರುವುಮುರುವಾಗಿದೆ ಎಂಬ ದೂರು ಕಾಲೇಜಿಗೆ ಮುಟ್ಟಿ ನಾಲ್ಕು ದಿನವಾಗಿತ್ತು. ಆ ಪುಟ ಜೋಡಿಸಿದವಳು ಭುವನಾ.

ಮಂಗಳವಾರ ಬೆಳಿಗ್ಗೆಯೊಳಗೆ ತಪ್ಪೊಪ್ಪಿಗೆಯ ಚೀಟಿ ಅಚ್ಚಾಗಬೇಕು, ಇನ್ನೂರು ಪ್ರತಿಗಳಿಗೂ ಅಂಟಬೇಕು. ಇಲ್ಲದಿದ್ದರೆ ಪತ್ರಿಕೆ ಇದೇ ಕೊನೆ ಎಂದು ಪ್ರಿನ್ಸಿಪಾಲರು ಹೇಳಿಯಾಗಿತ್ತು. ಇವತ್ತು ಭಾನುವಾರ.

ಚೀಟಿಗೆ ಅಕ್ಷರ ಜೋಡಿಸುವ ಮೊದಲು ಒಮ್ಮೆ ಕಣ್ಣಾರೆ ನೋಡಿಬಿಡೋಣವೆಂದು ಅವಳು ಯಾರಿಗೂ ಹೇಳದೆ ಗಳಗನಾಥದ ಬಸ್ಸು ಹತ್ತಿ, ಊರು ಎರಡು ಮೈಲಿ ಇರುವಾಗಲೇ ಇಳಿದು ಬಂದಿದ್ದಳು. ಇಪ್ಪತ್ತರ ಹುಡುಗಿ ಒಬ್ಬಳೇ ಇಷ್ಟು ದೂರ ಬಂದದ್ದು ಇದೇ ಮೊದಲು.

ಈಗ ಎರಡೂ ಎದುರಿಗಿದ್ದವು. ಪುಟದಲ್ಲಿ ಕುದುರೆ ಬಲಕ್ಕೆ ಹೊರಟಿತ್ತು, ಸವಾರನ ಬಲಗೈಯಲ್ಲಿ ಕತ್ತಿ. ಬದುವಿನ ಮೇಲೆ, ಎಣ್ಣೆ ಮಸಿ ಮೆತ್ತಿಕೊಂಡ ಎರಡಡಿ ಕಲ್ಲಿನಲ್ಲಿ, ಕುದುರೆ ಎಡಕ್ಕೆ ಹೊರಟಿತ್ತು. ಕತ್ತಿ ಎಡಗೈಯಲ್ಲಿತ್ತು.

"ಎಡಗೈಯಾಗ ಕತ್ತಿ ಹಿಡಿಯೋ ಗಂಡಸು ನಮ್ಮ ವಂಶದಾಗ ಹುಟ್ಟೇ ಇಲ್ಲ," ಎಂದು ಸಿದ್ದವ್ವ ಗೊಣಗಿದಳು. ಆಮೇಲೆ ದನಿ ತಗ್ಗಿಸಿ, "ಇನ್ನೊಂದು ಮಾತು ತಂಗಿ. ನಗಬ್ಯಾಡ. ಕುದುರಿ ಹಣಿ ಮ್ಯಾಲ ಒಂದು ಕುಳಿ ಇತ್ತು. ನನ್ನ ಬೆರಳಿಂದು. ಕುಂಕುಮ ಹಚ್ಚಿ ಹಚ್ಚಿ ಬಿದ್ದಿದ್ದು. ನನಗಿಂತ ಮುಂಚೆ ನಮ್ಮತ್ತಿದೂ ಇದ್ದೀತು. ಈಗ ಆ ಕುಳಿ ಇಲ್ಲ."

ಭುವನಾ ಕೂತು ಕುದುರೆಯ ಹಣೆ ಮುಟ್ಟಿದಳು. ಮಸಿಯ ಕೆಳಗೆ ಕಲ್ಲು ಒರಟಾಗಿತ್ತು. ಅಂಚುಗಳು ಬೆರಳಿಗೆ ಚುಚ್ಚಿದವು.

ಪತ್ರಿಕೆಯನ್ನು ಬಿಸಿಲಿಗೆ ಹಿಡಿದು ಚಿತ್ರದ ಕೆಳ ಅಂಚಿಗೆ ಕಣ್ಣು ಹತ್ತಿರ ಒಯ್ದಳು. ಯಾವ ಕಲ್ಲಿನ ಫೋಟೋ ತೆಗೆದರೂ ಅಳತೆಗೆಂದು ಪಕ್ಕದಲ್ಲಿ ಶಾಲೆಯ ಮರದ ಸ್ಕೇಲು ಇಡುವುದು ‘ಉಳಿಗುರುತು’ ಬಳಗದ ಪದ್ಧತಿ. ಪುಟಕ್ಕೆ ಹೊಂದಿಸುವಾಗ ಸ್ಕೇಲನ್ನು ಕತ್ತರಿಸಿದ್ದರೂ ಅದರ ಒಂದು ಚೂರು ಮೂಲೆಯಲ್ಲಿ ಉಳಿದಿತ್ತು.

ಸಣ್ಣದಾಗಿ, ಆದರೆ ನೆಟ್ಟಗೆ: ೨, ೩, ೪.

ಚಿತ್ರ ತಿರುವುಮುರುವಾಗಿದ್ದರೆ ಅಂಕಿಗಳೂ ತಿರುಗಿರಬೇಕಿತ್ತು. ಚಿತ್ರ ಸರಿಯಾಗಿಯೇ ಇತ್ತು.

ತಿರುಗಿದ್ದು ಕಲ್ಲು.

"ಏನಾತವ್ವಾ? ಯಾಕ ಮಾತಿಲ್ಲ?"

"ಆಯಿ," ಎಂದಳು ಭುವನಾ. ಮುದುಕಿಯ ಎಣ್ಣೆಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡಳು. "ನಿಮ್ಮ ಕೈ ಖರೇ ಹೇಳಾಕತ್ತೈತ್ರಿ."

*

ಹಿಂದಿರುಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಕೂತವಳಿಗೆ ಎರಡೂವರೆ ವರ್ಷದ ಹಿಂದಿನ ಒಂದು ಮಧ್ಯಾಹ್ನ ನೆನಪಾಯಿತು.

ಮಲಂಗಸಾಬ ಚಾಚಾನ ಪ್ರೆಸ್ಸು ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಮದುವೆ ಕಾರ್ಡು, ಅಂಗಡಿಯ ಬಿಲ್ಲು ಪುಸ್ತಕ, ನಾಟಕದ ಕರಪತ್ರ. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟ ಭುವನಾ ಅಲ್ಲಿ ಕಂಪ್ಯೂಟರಿನ ಮುಂದೆ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಗಿರಾಕಿಗಳು ಅವಳ ಬೆನ್ನನ್ನಷ್ಟೇ ನೋಡಿದ್ದರು.

ಆ ಮಧ್ಯಾಹ್ನ ಕಾಲೇಜಿನಲ್ಲಿ ಪಾಠ ಮಾಡುವ ಫಕ್ಕೀರೇಶ ಸರ್ ನಾಲ್ಕು ಹುಡುಗರನ್ನು ಕಟ್ಟಿಕೊಂಡು ಒಳಗೆ ಬಂದರು. ಕೈಯಲ್ಲಿ ನೋಟುಬುಕ್ಕಿನಿಂದ ಹರಿದ ಹಾಳೆಗಳ ಕಟ್ಟು. ನಾಲ್ವರದೂ ನಾಲ್ಕು ಬಗೆಯ ಅಕ್ಷರ, ಒಂದಕ್ಕಿಂತ ಒಂದು ಕೆಟ್ಟದ್ದು.

"ಚಾಚಾ, ಇದು ಪತ್ರಿಕಿ. ಹುಡುಗರದು. ಕಲ್ಲಿನ ಚರಿತ್ರಿ," ಎಂದರು ಸರ್.

"ಕಲ್ಲು ಓದೋರು ಯಾರ್ರೀ ಸಾಹೇಬ್ರ? ಮಂದಿ ಪೇಪರ್ರೇ ಓದೂದಿಲ್ಲ," ಎಂದ ಚಾಚಾ. ಆದರೂ ಕಟ್ಟನ್ನು ಭುವನಾಳ ಮೇಜಿನ ಮೇಲಿಟ್ಟ.

ಅವಳು ಜೋಡಿಸುತ್ತ ಜೋಡಿಸುತ್ತ ಓದಿದಳು. ಹಲಗೇರಿಯ ದಾರಿಯಲ್ಲಿ ತಾನು ಚಿಕ್ಕವಳಿದ್ದಾಗ ಹತ್ತಿ ಆಡಿದ ಕಲ್ಲು ಯಾರದೋ ಸಾವಿನ ನೆನಪೆಂದು ಅವತ್ತು ತಿಳಿಯಿತು. ಅದಕ್ಕೊಂದು ವಯಸ್ಸಿದೆ, ಅದನ್ನು ಕಡೆದವನಿಗೊಂದು ಕೈಗುಣವಿದೆ ಎಂದು ತಿಳಿಯಿತು. ಸಂಜೆ ಮನೆಗೆ ಹೋಗುವಾಗ ಆ ದಾರಿಯ ಕಲ್ಲಿಗೆ ಅವಳು ಕ್ಷಮೆ ಕೇಳಿದ್ದಳು.

ಆಮೇಲೆ ಪ್ರತಿ ಸಂಚಿಕೆಯ ಮುನ್ನ ಹುಡುಗರು ಪ್ರೆಸ್ಸಿನ ನೆಲದ ಮೇಲೆ ಕೂತು ಜಗಳವಾಡುತ್ತಿದ್ದರು. ಗಿರಮಿಟ್ಟಿನ ಪೊಟ್ಟಣ ಬಿಚ್ಚಿ, ತಿದ್ದಲು ಕೊಟ್ಟ ಪ್ರೂಫು ಹಾಳೆಗಳನ್ನು ಎಣ್ಣೆಗೈಯಲ್ಲಿ ಮುಟ್ಟಿ, ಸರ್ ಹತ್ತಿರ ಬೈಸಿಕೊಳ್ಳುತ್ತಿದ್ದರು. ಮೊದಲ ಪ್ರತಿಯನ್ನು ಆ ಕಲ್ಲು ನೋಡಿಕೊಳ್ಳುವ ಮನೆಗೇ ಒಯ್ದು ಕೊಡಬೇಕು, ಅವರ ಅಂಗಳದಲ್ಲಿ ಕೂತು ಓದಿ ಹೇಳಬೇಕು; ಆಮೇಲಷ್ಟೇ ಉಳಿದವರಿಗೆ ಹಂಚಬೇಕು. ಆ ನಿಯಮ ಮಾಡಿದವರು ಸರ್. "ಅವರ ಕಲ್ಲು, ಅವರಿಗೆ ಮೊದಲು," ಎನ್ನುತ್ತಿದ್ದರು.

ಮೊದಲ ಸಂಚಿಕೆಯ ಕೊನೆಯ ಪುಟದಲ್ಲಿ ಸರ್ ಕೆಂಪು ಶಾಯಿಯಲ್ಲಿ ಒಂದು ಸಾಲು ಸೇರಿಸಿದ್ದರು. ‘ಅಕ್ಷರ ಜೋಡಣೆ: ಭುವನಾ.’ ತನ್ನ ಹೆಸರನ್ನು ತಾನೇ ಜೋಡಿಸುವಾಗ ಅವಳ ಕೈ ಎರಡು ಸಲ ತಪ್ಪಿತ್ತು.

ಪುಟ ಕಟ್ಟುವುದನ್ನು ಕಲಿಸಿದವರೂ ಅವರೇ. "ಚಿತ್ರದ ಮಾರಿ ಯಾವಾಗಲೂ ಪುಟದ ಒಳಗ ನೋಡಬೇಕವಾ. ಅದು ಹೊರಗ ನೋಡಿದ್ರ, ಓದೋನೂ ಹೊರಗ ಹೋಗ್ತಾನ."

ಆ ಮಾತೇ ಈ ಸಲ ಎಡವಟ್ಟು ಮಾಡಿತ್ತು. ಜನವರಿಯಲ್ಲಿ ಮೊದಲನೆಯ ಪ್ರೂಫಿನಲ್ಲಿ ಈ ವೀರ ಇಪ್ಪತ್ಮೂರನೆಯ ಪುಟದಲ್ಲಿದ್ದ. ಬಲಗಡೆಯ ಪುಟ, ಬಲಕ್ಕೆ ಹೊರಟ ಕುದುರೆ. ಪುಟದಿಂದ ಹೊರಗೇ ಹಾರುವಂತಿತ್ತು. ಭುವನಾ ಯೋಚಿಸದೆ ಒಂದೇ ಕ್ಲಿಕ್ಕಿನಲ್ಲಿ ಚಿತ್ರ ತಿರುಗಿಸಿದಳು. ಮೂರು ಪ್ರೂಫು ಹೊರಟುಹೋದ ಮೇಲೆ ಸ್ಕೇಲಿನ ಮೇಲಿನ ತಿರುಗಿದ ಅಂಕಿ ಕಣ್ಣಿಗೆ ಬಿತ್ತು. ಅವಳ ಕಿವಿ ಬಿಸಿಯಾಗಿತ್ತು. ಚಿತ್ರವನ್ನು ಮೊದಲಿನಂತೆ ಮಾಡಿ, ಎದುರಿನ ಎಡಪುಟಕ್ಕೆ ಸರಿಸಿ, ಯಾರಿಗೂ ಹೇಳದೆ ಸುಮ್ಮನಾಗಿದ್ದಳು.

ಹಾಗಾದರೆ ಎಡಗೈಯಲ್ಲಿ ಕತ್ತಿ ಹಿಡಿದ ವೀರ ಇದ್ದದ್ದು ಈ ಲೋಕದಲ್ಲಿ ಮೂರೇ ಮೂರು ಕಾಗದದ ಮೇಲೆ.

ಬದುವಿನ ಮೇಲಿನ ಹುಸಿಕಲ್ಲನ್ನು ಕಡೆದವನು ಆ ಮೂರರಲ್ಲಿ ಒಂದನ್ನು ಮುಂದಿಟ್ಟುಕೊಂಡು ಕಡೆದಿದ್ದ.

ಅವಳು ಚೀಟಿ ಜೋಡಿಸಿಕೊಟ್ಟರೆ ತಪ್ಪು ಚಿತ್ರದ್ದಾಗುತ್ತದೆ, ಕಲ್ಲು ಸರಿಯಾಗಿಬಿಡುತ್ತದೆ. ಸಿದ್ದವ್ವನ ಬೆರಳಿನ ಕುಳಿಯಿದ್ದ ಕಲ್ಲನ್ನು ಮುಂದೆ ಯಾರೂ ಹುಡುಕುವುದಿಲ್ಲ. ಜೋಡಿಸದಿದ್ದರೆ ಪತ್ರಿಕೆ ನಿಲ್ಲುತ್ತದೆ.

ಮೂರು ಪ್ರೂಫು ಹೋದದ್ದು ಮೂವರ ಹೆಸರಿಗೆ. ಸಂಪಾದಕ ಚೇತನಕುಮಾರ, ಫೋಟೋ ತೆಗೆದ ಹುಲಿಗೇಶ, ಫಕ್ಕೀರೇಶ ಸರ್.

ಸರ್ ತಮ್ಮ ಪ್ರತಿಯನ್ನು ತಿದ್ದಿ ಮರಳಿಸಿದ್ದರು, ಅದು ಪ್ರೆಸ್ಸಿನ ಕಟ್ಟಿನಲ್ಲಿತ್ತು. ಆ ಹೆಸರನ್ನು ಅವಳು ಮನಸ್ಸಿನಲ್ಲೇ ಪಕ್ಕಕ್ಕೆ ಸರಿಸಿದಳು.

*

ಸೋಮವಾರ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಪ್ಯಾಟಿ. ಬಸ್ಸಿಳಿದ ಕೂಡಲೇ ಗಾಳಿಯೇ ಕೆಂಪಗಿರುವಂತೆ ಅನ್ನಿಸಿತು. ಚೇತನಕುಮಾರನ ತಂದೆಯ ದಲಾಲಿ ಅಂಗಡಿ ಹುಡುಕುವಷ್ಟರಲ್ಲಿ ಭುವನಾ ಹದಿನಾಲ್ಕು ಸಲ ಸೀನಿದ್ದಳು.

"ಹೊಸಬರು ಬಂದ್ರು ನೋಡ್ರೋ!" ಎಂದು ಹಮಾಲರು ನಕ್ಕರು.

ಚೀಲಗಳ ಮಧ್ಯೆ ಕೂತಿದ್ದ ಚೇತನಕುಮಾರ ಎದ್ದು ನಿಂತ. "ಭುವನಾ? ನೀನು? ಪ್ರೆಸ್ಸಿನ ಗೋಡೆ ಬಿದ್ದೈತೇನ, ಹೊರಗ ಬಂದೀದಿ!"

"ಚೇತಣ್ಣ, ನಿಮ್ಮ..." ಸೀನು. "ನಿಮ್ಮ ಮೊದಲನೇ ಪ್ರೂಫು..." ಮತ್ತೊಂದು ಸೀನು.

"ಮೊದಲು ನೀರು ಕುಡಿ. ಚೀಟಿ ಆತಿಲ್ಲೋ?"

"ಇಲ್ರಿ."

"ಇಲ್ಲ?" ಅವನ ನಗು ನಿಂತಿತು. "ನಾಳೆ ಮುಂಜಾನಿ ಪ್ರಿನ್ಸಿಪಾಲರ ಟೇಬಲ್ ಮ್ಯಾಲ ಇರಬೇಕು. ಇನ್ನ ಎರಡು ತಿಂಗಳಿಗೆ ನಾವೆಲ್ಲಾ ಪರೀಕ್ಷಾ ಮುಗಿಸಿ ಹೋಗ್ತೀವಿ. ಕೆಳಗಿನ ಹುಡುಗರ ಕೈಗೆ ಪತ್ರಿಕಿ ಒಪ್ಪಿಸಿ ಹೋಗಬೇಕಂತ ಎಷ್ಟು ಬಡಕೊಂಡೀವಿ. ನಿನ್ನ ಒಂದು ಚೀಟಿಗೆ ನಿಲ್ಲಬೇಕೇನ ಅದು?"

"ಚಿತ್ರ ತಪ್ಪಿಲ್ರಿ."

"ಊರ ಮಂದಿ ಕಲ್ಲು ನೋಡಿ ಹೇಳ್ಯಾರ. ನಾನೂ ಕಣ್ಣಾರೆ ನೋಡೀನಿ, ಮೊದಲ ಪ್ರತಿ ಕೊಡಾಕ ಹೋದಾಗ. ಮರ್ಯಾದಿ ಹೋಗಿ ಕುಂತೀನಿ ಅವರ ಅಂಗಳದಾಗ."

"ಮೊದಲನೇ ಪ್ರೂಫು ತೋರ್ಸ್ರಿ."

"ಯಾಕ?"

ಅವಳು ನೆಲ ನೋಡಿದಳು. ಕಾಲಬೆರಳಿನ ಸಂದಿಯಲ್ಲಿ ಕೆಂಪು ಬೀಜಗಳು ಸಿಕ್ಕಿಕೊಂಡಿದ್ದವು. ಹೇಳದೆ ಉಳಿಯುವುದು ಅವಳಿಗೆ ಯಾವಾಗಲೂ ಸುಲಭ. ಆದರೆ ಅಂಗೈಯಲ್ಲಿ ನಿನ್ನೆಯ ಎಣ್ಣೆಯ ವಾಸನೆ ಇನ್ನೂ ಇತ್ತು.

"ಆ ಕಲ್ಲು ಬ್ಯಾರೆ ಐತ್ರಿ. ಖರೇ ಕಲ್ಲು ಹೋಗೇತಿ. ಈಗಿರೋದನ್ನ ಮೊದಲನೇ ಪ್ರೂಫು ನೋಡಿ ಕಡದಾರ. ಅದರಾಗ ಚಿತ್ರ ಉಲ್ಟಾ ಆಗಿತ್ತು. ನಾನ ಮಾಡಿದ್ದೆ. ಆಮ್ಯಾಲ ನಾನ ತಿದ್ದೀನಿ."

ಚೇತನಕುಮಾರ ಅವಳನ್ನೇ ನೋಡಿದ. ಕತ್ತಿನ ನರ ಉಬ್ಬಿತು.

"ಅಂದ್ರ, ನನ್ನ ಮ್ಯಾಲ ಅನುಮಾನ."

ಅವಳು ಕಾಲಬೆರಳಿನ ಬೀಜ ಕೊಡವಿಕೊಂಡಳು.

"ಹೇಳವಾ! ನಾ ಕಲ್ಲು ಕದ್ದೀನಂತ ಹೇಳಾಕ ರಾಣೆಬೆನ್ನೂರಿಂದ ಸೀನಕೋತ ಬಂದಿಯೇನ?"

"ನೀವು ಕದ್ದಿಲ್ಲ ಅಂತ ನೋಡಿ ಹೋಗಾಕ ಬಂದೀನ್ರಿ," ಎಂದಳು ಭುವನಾ.

ಚೇತನಕುಮಾರ ದಡದಡನೆ ಅಟ್ಟ ಹತ್ತಿದ. ಮೇಲೆ ಟ್ರಂಕು ತೆರೆದ ಸದ್ದು. ಕೆಳಗಿಳಿದವನು ಹಾಳೆಗಳ ಕಟ್ಟನ್ನು ಅವಳ ಕೈಗೆ ಹಾಕಿದ.

"ನೋಡು. ಐದೂ ಸಂಚಿಕಿ ಪ್ರೂಫು ಅದಾವ. ಒಂದೂ ಬಿಸಾಕಿಲ್ಲ. ಮೊದಲನೇದ್ರಾಗ ಹುಲಿಗೇಶ ಚಹಾ ಚೆಲ್ಲಿದ್ದೂ ಐತಿ."

ಇತ್ತು. ಎರಡೂವರೆ ವರ್ಷದ ಹಳೆಯ ಚಹಾದ ಕಲೆ ಬೇವಿನ ಎಲೆಯ ಆಕಾರದಲ್ಲಿ ಒಣಗಿತ್ತು. ಆ ದಿನ ಚಾಚಾ ಎಲ್ಲರನ್ನೂ ಪ್ರೆಸ್ಸಿನಿಂದ ಹೊರಗೆ ಹಾಕಿದ್ದ, ಸರ್ ಸಮೇತ. ಅವರೆಲ್ಲ ಓಣಿಯಲ್ಲಿ ನಿಂತು ನಕ್ಕದ್ದು ಕಿಟಕಿಯಿಂದ ಅವಳಿಗೆ ಕೇಳಿಸಿತ್ತು. ತಾನೂ ಒಳಗೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು.

ಐದನೆಯ ಸಂಚಿಕೆಯ ಪ್ರೂಫು ತೆರೆದಳು. ಇಪ್ಪತ್ಮೂರನೆಯ ಪುಟ. ಎಡಗೈ ವೀರ ಅಲ್ಲೇ ಇದ್ದ. ಮೆಣಸಿನಕಾಯಿಯ ಕೆಂಪು ಹೆಬ್ಬೆರಳಿನ ಗುರುತುಗಳು ಅಂಚಿನ ತುಂಬ ಇದ್ದವು, ಚಿತ್ರದ ಮೇಲೆ ಒಂದೂ ಇರಲಿಲ್ಲ. ಹಾಳೆ ಮಡಚಿರಲಿಲ್ಲ, ಸವೆದಿರಲಿಲ್ಲ.

ಭುವನಾಳ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯ ಊರಿನಲ್ಲಿ ಅದಕ್ಕೆ ಕಾರಣ ಹೇಳಬೇಕಿರಲಿಲ್ಲ.

"ಹಂಗಾರ ಹುಲಿಗೇಶಣ್ಣಂದು..."

ಚೇತನಕುಮಾರ ಆಗಲೇ ಮೊಬೈಲು ತೆಗೆದಿದ್ದ. "ಲೇ ಹುಲಿಗ್ಯಾ, ಐದನೇ ಸಂಚಿಕಿ ಮೊದಲನೇ ಪ್ರೂಫು ಎಲ್ಲೈತಿ ನಿಂದು?"

ಹಾವೇರಿಯಿಂದ ಬಂದ ದನಿ ಅವಳಿಗೂ ಕೇಳುವಷ್ಟು ಜೋರಾಗಿತ್ತು. "ಯಾವ ಪ್ರೂಫಲೇ? ನನಗ ಕೊಟ್ಟೀರೇನ? ನಾ ಜ್ವರ ಬಂದು ಮನ್ಯಾಗ ಬಿದ್ದಿದ್ದೆ. ನನ್ನ ಫೋಟೋ ನನಗ ತೋರಿಸದ ಅಚ್ಚು ಹಾಕಿ ಈಗ ಪ್ರೂಫು ಕೇಳ್ತೀಯಲ್ಲ, ನಾಚಿಕಿ ಇಲ್ಲೇನ?"

ಚೇತನಕುಮಾರ ಮೊಬೈಲು ಕೆಳಗಿಳಿಸಿದ. ಅವನ ಮುಖ ನಿಧಾನವಾಗಿ ಬದಲಾಯಿತು.

"ಹೌದಲ್ಲ," ಎಂದ. "ಅಂವಗ ಜ್ವರ ಬಂದಿತ್ತು. ಆವಾಗ..."

"ಆವಾಗ ಅವರ ಪ್ರತಿ ಯಾರ ಕೈಯಾಗ ಕೊಟ್ರಿ?"

"ಒಂದ ಊರಾಗ ಇರ್ತಾರಲ್ಲ ಅಂತ... ಮುಟ್ಟಿಸ್ತೀನಿ ಅಂದಿದ್ರು."

"ಯಾರು ಚೇತಣ್ಣ?"

ದಿನಾಲೂ ಹಾವೇರಿಯಿಂದ ರೈಲಿನಲ್ಲಿ ಬಂದು ಹೋಗುವವರು ಬಳಗದಲ್ಲಿ ಇನ್ನೊಬ್ಬರೇ. ಆ ಹೆಸರನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

"ಮರತಿರಬೇಕವಾ," ಎಂದ ಚೇತನಕುಮಾರ ಕೊನೆಗೆ. "ವಯಸ್ಸಾದೋರು. ಚೀಲದಾಗ ಉಳದಿರಬೇಕು."

"ಹೌದ್ರಿ," ಎಂದಳು ಭುವನಾ. "ಮರತಿರಬೇಕು."

*

ಪ್ರೆಸ್ಸಿಗೆ ಬಂದಾಗ ಮೂರು ಗಂಟೆ. ಚಾಚಾ ಊಟಕ್ಕೆ ಹೋಗಿದ್ದ. ಭುವನಾ ಚಪ್ಪಲಿ ಬಿಡುವುದನ್ನೂ ಮರೆತು ಕಪಾಟಿನ ಕೆಳಗಿನ ಖಾನೆಯಿಂದ ಹಳೆಯ ಪ್ರೂಫಿನ ಕಟ್ಟು ಎಳೆದಳು.

ಸರ್ ಪ್ರತಿ. ಹೊದಿಕೆಯ ಮೇಲೆ ಕೆಂಪು ಶಾಯಿಯ ದುಂಡು ಅಕ್ಷರ. ‘ಭುವನಾ, ಈ ಸಲ ಬಹಳ ಚಂದ ಬಂದೈತಿ. ಆಶೀರ್ವಾದ.’ ಜನವರಿಯಲ್ಲಿ ಈ ಸಾಲನ್ನು ಎಷ್ಟು ಸಲ ಓದಿದ್ದಳೋ.

ಇಪ್ಪತ್ಮೂರನೆಯ ಪುಟ ತೆರೆದಳು. ಸ್ವಚ್ಛವಾಗಿತ್ತು. ಒಂದು ಕಾಗುಣಿತ ತಿದ್ದಿದ್ದರು. ಚಿತ್ರದ ಮೇಲೆ ಯಾವ ಗುರುತೂ ಇರಲಿಲ್ಲ. ದೇವರೇ, ಎಂದುಕೊಂಡಳು. ಸುಮ್ಮನೆ ಹೆದರಿದೆನಲ್ಲ.

ಪುಟ ಮುಚ್ಚಬೇಕು ಎನ್ನುವಾಗ ಸಿದ್ದವ್ವನ ಮಾತು ನೆನಪಾಯಿತು. ಕಣ್ಣು ಹೋದರೂ ಕೈಗೆ ದಾರಿ ಗೊತ್ತು.

ಕಣ್ಣು ಮುಚ್ಚಿದಳು. ನಡುಬೆರಳನ್ನು ಕುದುರೆಯ ಮೇಲಿಟ್ಟು ಮೆಲ್ಲಗೆ ಸರಿಸಿದಳು.

ಕಾಗದದಲ್ಲೊಂದು ಗೀರು ಸಿಕ್ಕಿತು. ಶಾಯಿಯಿಲ್ಲದ, ಬರಿಯ ಒತ್ತಿನ ಗೀರು. ಅರ್ಧ ಇಂಚು ದಾಟಿದರೆ ಇನ್ನೊಂದು. ಮತ್ತೊಂದು. ಬೆರಳನ್ನು ಅಡ್ಡ ಎಳೆದಳು. ಅಡ್ಡವೂ ಅಷ್ಟೇ ಅಂತರದಲ್ಲಿ ಗೀರುಗಳು. ಚಿತ್ರದ ಅಂಚು ಬಂದ ಕೂಡಲೇ ಅವು ನಿಂತುಬಿಡುತ್ತಿದ್ದವು.

ಚೌಕಗಳು. ಸಣ್ಣ ಚಿತ್ರವನ್ನು ದೊಡ್ಡದು ಮಾಡುವವರು ಅದರ ಮೇಲೆ ಹಾಕಿಕೊಳ್ಳುವಂಥ ಮನೆಗಳು. ಪೋಸ್ಟರು ಬರೆಯುವವರು ಇದೇ ಪ್ರೆಸ್ಸಿನಲ್ಲಿ ಹಾಗೆ ಎಳೆಯುವುದನ್ನು ಅವಳು ನೂರು ಸಲ ನೋಡಿದ್ದಳು.

ಎರಡು ಪ್ರತಿಗಳ ಈ ಹಾಳೆಗಳು ಒಂದರ ಮೇಲೊಂದು ಇದ್ದವು: ಮೇಲೆ ಹುಲಿಗೇಶನದು, ಕೆಳಗೆ ಸರ್ ಅವರದು. ಮೇಲಿನ ಪ್ರತಿಯಲ್ಲಿ ಯಾರೋ ಸ್ಕೇಲು ಹಿಡಿದು, ಪೆನ್ನು ಒತ್ತಿ ಗೆರೆ ಎಳೆದಿದ್ದರು. ಆ ಪ್ರತಿ ಕಲ್ಲುಕಡೆಯುವವನ ಹತ್ತಿರ ಹೋಯಿತು. ಕೆಳಗಿನದು ಆಶೀರ್ವಾದದೊಂದಿಗೆ ಅವಳ ಹತ್ತಿರ ಬಂತು.

"ಚೀಟಿ ಆತೇನವಾ ಭುವನಾ?"

ಕಣ್ಣು ತೆರೆದಳು. ಬಾಗಿಲಲ್ಲಿ ಫಕ್ಕೀರೇಶ ಸರ್ ನಿಂತಿದ್ದರು. ಅದೇ ಖಾದಿ ಚೀಲ, ಅದೇ ದಣಿದ ನಗು. ಮಧ್ಯಾಹ್ನದ ತರಗತಿ ಬಿಟ್ಟು ಅವರು ಈ ಹೊತ್ತಿಗೆ ಎಂದೂ ಬಂದವರಲ್ಲ.

"ಇನ್ನೂ... ಇಲ್ರಿ ಸರ್."

"ಇರಲಿ. ನಾನ ಬರಕೊಂಡು ಬಂದೀನಿ." ಜೇಬಿನಿಂದ ಚೀಟಿ ತೆಗೆದರು. ಕೆಂಪು ಶಾಯಿ. ‘ಅಕ್ಷರ ಜೋಡಣೆ: ಭುವನಾ’ ಎಂದು ಬರೆದ ಅದೇ ದುಂಡು ಕೈಯಲ್ಲಿ, ‘ಈ ತಪ್ಪು ಭುವನಾ ಅವರದು’ ಎಂದಿತ್ತು. "ಬ್ಯಾಸರ ಮಾಡ್ಕೋಬ್ಯಾಡ. ಪತ್ರಿಕಿ ಉಳೀಬೇಕಲ್ಲ ತಾಯಿ?"

ಅವಳು ತಲೆಯಾಡಿಸಿದಳು. ಅಂಗೈ ತಾನಾಗಿಯೇ ಪುಟದ ಮೇಲೆ ಹರಡಿಕೊಂಡಿತ್ತು.

"ಮತ್ತ, ನನ್ನ ಹಳೇ ಪ್ರೂಫು ಇಲ್ಲೇ ಎಲ್ಲೋ ಇರಬೇಕಲ್ಲ? ಜನವರೀದು. ಒಯ್ತೀನಿ. ನೆನಪಿಗಿರಲಿ ಅಂತ."

ಎರಡೂವರೆ ವರ್ಷದಲ್ಲಿ ಅವರು ಕೇಳಿದ್ದನ್ನು ಅವಳು ಇಲ್ಲವೆಂದದ್ದಿಲ್ಲ.

"ಸಿಗಲಿಲ್ರಿ ಸರ್. ರದ್ದಿಗೆ ಹೋಗಿರಬೇಕು."

ಫಕ್ಕೀರೇಶ ಸರ್ ಒಳಗೆ ಬಂದರು. ಬೆನ್ನ ಹಿಂದೆ ಬಾಗಿಲನ್ನು ಮೆಲ್ಲಗೆ ಮುಚ್ಚಿದರು. ನಗು ಹಾಗೇ ಇತ್ತು.

"ಹಂಗಾರ," ಎಂದರು, "ನಿನ್ನ ಕೈ ಕೆಳಗ ಇರೋದು ಏನವಾ?"